ನಮ್ಮ ಮಾಮನೂ ಫಾರಿನರ್ರೇ

1/7

ಮೊನ್ನೆ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಮೀಮ್ ಬಂತು. ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡ ಬಿಳಿ ಹೆಂಗಸೊಬ್ಬರು ಯಾವುದೋ ಆಫೀಸಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾರೆ. ಕೆಳಗೆ ಬರೆದದ್ದು: "ವೀಸಾ ಮುಗೀತು, ಗೋಕರ್ಣ ಬಿಡೋಕೆ ಮನಸಿಲ್ಲ." ಮೂವತ್ತೆಂಟು ಜನ ನಗೋ ಎಮೋಜಿ ಒತ್ತಿದ್ರು. ಲೆಕ್ಕ ಹೇಗೆ ಗೊತ್ತು ಅಂದ್ರೆ, ಮೂವತ್ತೆಂಟನೆಯದು ನಂದೇ. ಒತ್ತಿ, ಆಮೇಲೆ ತೆಗೆದೆ.

ಯಾಕೆ ತೆಗೆದೆ ಅಂತ ಹೇಳೋಕೆ ಈ ಏಳು ಪೋಸ್ಟ್. ಉದ್ದ ಆಯ್ತು ಅನ್ನೋರು ರೀಲ್ಸ್ ನೋಡ್ಕೊಳ್ಳಿ, ಬೇಜಾರಿಲ್ಲ.

ಫೋಟೋದಲ್ಲಿರೋದು ನಮ್ಮ ಕಿನ್ನರದ ಕಡೆಯ ಕಾಳಿ ನದಿ. ಇದೇ ನದಿಯ ಕಡವಾಡಕ್ಕೆ 1638ರಲ್ಲಿ ಇಂಗ್ಲಿಷರು ಬಂದು ವ್ಯಾಪಾರದ ಕೋಠಿ ಹಾಕಿದ್ರು. ಅವರಿಗಿಂತ ಮೊದಲು ಅರಬರು ಬಂದಿದ್ರು, ಪೋರ್ಚುಗೀಸರು ಬಂದಿದ್ರು. ಮನೇಲಿ ನಾವು ದಿನಾ ಹೇಳೋ ಜನೇಲು, ಚಾವಿ, ಪಾವು, ಬಟಾಟೆ ಎಲ್ಲ ಹಡಗಿಳಿದು ಬಂದ ಶಬ್ದಗಳು. ಹೊರಗಿನವರು ಬರೋದು ನಮ್ಮ ಊರಿಗೆ ಹೊಸದಲ್ಲ. ನಮ್ಮವರು ಹೊರಗೆ ಹೋಗೋದೂ ಹೊಸದಲ್ಲ. ನಿಮ್ಮ ಓಣಿಯಲ್ಲೇ ಎಣಿಸಿ: ಹಡಗಿನಲ್ಲಿರೋರು ಎಷ್ಟು, ದುಬೈ, ಕುವೈತ್, ಮಸ್ಕತ್‌ನಲ್ಲಿರೋರು ಎಷ್ಟು. ಹಾಗಾದ್ರೆ ನಗು ಬಂದದ್ದು ಎಲ್ಲಿಂದ?

2/7

ನನ್ನ ಮಾಮ ಹನ್ನೊಂದು ವರ್ಷ ಸೌದಿಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಊರಿಗೆ ಬಂದಾಗ ನಮಗೆಲ್ಲ ಚಾಕಲೇಟು, ಅಮ್ಮನಿಗೆ ಟ್ಯಾಂಗ್ ಪುಡಿ. ನಮಗೆ ಕಂಡದ್ದು ಅಷ್ಟೇ.

ಕಾಣದೇ ಇದ್ದದ್ದು ಇಕಾಮಾ. ಅಂದ್ರೆ ಅಲ್ಲಿ ಇರೋಕೆ ಬೇಕಾದ ಕಾರ್ಡ್. ಅದನ್ನ ರಿನ್ಯೂ ಮಾಡಿಸಬೇಕಾದ್ದು ಕೆಲಸ ಕೊಟ್ಟ ಕಂಪನಿ, ಕೆಲಸಗಾರ ಅಲ್ಲ. ಮಾಮನ ಕಂಪನಿ ಒಂದು ವರ್ಷ ದುಡ್ಡು ಕಟ್ಟಲಿಲ್ಲ. ಕಾರ್ಡ್ ಮುಗೀತು. ಕಾರ್ಡ್ ಇಲ್ಲದಿದ್ರೆ ಊರಿಗೆ ಹೋಗಿಬರೋ ಎಕ್ಸಿಟ್ ರೀ-ಎಂಟ್ರಿ ಸಿಗಲ್ಲ, ಬ್ಯಾಂಕಿನ ಕೆಲಸ ಆಗಲ್ಲ, ದಾರಿ ಮೇಲೆ ಪೊಲೀಸ್ ನಿಲ್ಲಿಸಿದ್ರೆ ತಪ್ಪಿತಸ್ಥ ಅವನೇ. ತಪ್ಪು ಮಾಡಿದ್ದು ಕಂಪನಿ, ಅಕ್ರಮ ಆದದ್ದು ಮಾಮ.

ಆ ವರ್ಷವೇ ಅಜ್ಜಿ ತೀರಿಕೊಂಡಳು. ಮಾಮ ವಿಡಿಯೋ ಕಾಲಲ್ಲಿ ನೋಡಿದ. ಫೋನ್ ಹಿಡಿದುಕೊಂಡದ್ದು ನಾನು. "ಸ್ವಲ್ಪ ಕೆಳಗೆ ಹಿಡಿ, ಕಾಲು ಕಾಣಲಿ" ಅಂದ. ಅವ ಸ್ಕ್ರೀನಿಗೇ ಹಣೆ ಮುಟ್ಟಿಸಿದ.

ಅಲ್ಲಿ ಕಿಟಕಿಯ ಎದುರು ನಿಂತು ಅವ ಕಲಿತ ಮೊದಲ ಅರಬ್ಬಿ ಶಬ್ದ "ಬುಕ್ರಾ". ಅಂದ್ರೆ ನಾಳೆ. ನಮ್ಮಲ್ಲಿ ದೆವ್ವ ಬರಬಾರದು ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಂತೆ. ಬುದ್ಧಿವಂತ ದೆವ್ವ, ಓದಿ ವಾಪಸ್ ಹೋಗ್ತಿತ್ತು. ಮನುಷ್ಯ ಹೋಗಲ್ಲ, ಮತ್ತೆ ನಾಳೆ ಬಂದು ನಿಲ್ತಾನೆ.

ಈ ಕಥೆ ಕೇಳಿದವರೆಲ್ಲ ಸಿಟ್ಟಾಗ್ತೀರಿ. "ನಮ್ಮವರನ್ನ ನಾಯಿ ಥರ ನೋಡ್ತಾರೆ" ಅಂತೀರಿ. ಸರಿ. ಆ ಸಿಟ್ಟು ಹಾಗೇ ಇಟ್ಕೊಂಡು ಮುಂದಿನ ಪೋಸ್ಟ್ ಓದಿ, ಯಾಕೆಂದ್ರೆ ಅದರಲ್ಲಿ ಕಂಪನಿಯ ಜಾಗದಲ್ಲಿ ನಾನಿದ್ದೇನೆ.

3/7

ಅಂಕೋಲಾ ಕಡೆ ನಮ್ಮ ಸಂಬಂಧಿಕರದ್ದೊಂದು ಹೋಮ್‌ಸ್ಟೇ ಇದೆ. ಸೀಸನ್‌ನಲ್ಲಿ ಕಂಪ್ಯೂಟರ್ ಕೆಲಸ ನಂದು. ವಿದೇಶಿ ಗೆಸ್ಟ್ ಬಂದ್ರೆ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಆನ್‌ಲೈನಿನಲ್ಲಿ ಹಾಕಬೇಕು. ನಾವೆಲ್ಲ ಫಾರ್ಮ್-ಸಿ ಅಂತ ಕರೆಯೋದು ಅದನ್ನೇ. ಇದು ಹೋಟೆಲಿಗೆ ಮಾತ್ರ ಅಲ್ಲ, ಮನೇಲಿ ಉಳಿಸಿಕೊಂಡರೂ ಹಾಕಬೇಕು, ನೆನಪಿರಲಿ.

ಯಕ್ಷಗಾನ ಕಲಿಯೋಕೆ ಅಂತ ಬಂದ ಒಬ್ಬ ಅಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ರು. 180 ದಿನಕ್ಕಿಂತ ಉದ್ದದ ವೀಸಾ. ಅಂಥವರು ಬಂದ 14 ದಿನದೊಳಗೆ ರಿಜಿಸ್ಟರ್ ಮಾಡಿಸಿಕೊಳ್ಳಬೇಕು. ಎಲ್ಲಿ ಉಳಿದಿದ್ದೀರಿ ಅನ್ನೋದಕ್ಕೆ ಸಾಕ್ಷಿ ನಾವು ಹಾಕಿದ ಫಾರ್ಮ್. ಆ ಅಕ್ಕ ಬಂದ ನಾಲ್ಕನೇ ದಿನವೇ ಅರ್ಜಿ ಹಾಕಿದ್ರು. ವಾಪಸ್ ಬಂತು. ಮತ್ತೆ ಹಾಕಿದ್ರು. ವಾಪಸ್. ಮೂರನೇ ಸಲವೂ ವಾಪಸ್. ಪ್ರತಿ ಸಲ ಒಂದೇ ಸಾಲು, ದಾಖಲೆ ಸರಿಯಿಲ್ಲ ಅಂತ. ಯಾವ ದಾಖಲೆ, ಏನು ಸರಿಯಿಲ್ಲ, ಒಂದಕ್ಷರ ಇಲ್ಲ. ಅಷ್ಟೊತ್ತಿಗೆ 14 ದಿನ ಕಳೆದು, ತಡ ಮಾಡಿದ್ದಕ್ಕೆ ದಂಡ ಬೇರೆ.

ಕೊನೆಗೆ ಅವರೇ ಬಸ್ ಹತ್ತಿ ಆಫೀಸಿಗೆ ಹೋದ್ರು. ಯಾವ ಊರು, ಯಾವ ಆಫೀಸು ಅಂತ ಹೇಳಲ್ಲ, ಅದು ಮುಖ್ಯವೂ ಅಲ್ಲ. ಅಲ್ಲಿ ಒಬ್ಬರು ಸಿಬ್ಬಂದಿ ಐದೇ ನಿಮಿಷದಲ್ಲಿ ಹುಡುಕಿ ಕೊಟ್ಟರಂತೆ: ಪಾಸ್‌ಪೋರ್ಟ್ ನಂಬರಿನಲ್ಲಿ "ಬಿ" ಅಕ್ಷರ ಇದ್ದಲ್ಲಿ ಫಾರ್ಮಿನಲ್ಲಿ 8 ಅಂತ ಇದೆ.

ಆ 8 ಒತ್ತಿದ್ದು ನಾನು. ಮ್ಯಾಚ್ ನೋಡ್ತಾ ಟೈಪ್ ಮಾಡಿದ್ದೆ.

ಆ ಅಕ್ಕ ಮೂರು ವಾರ ನಿದ್ದೆಗೆಟ್ಟಿದ್ರು. ನನ್ನನ್ನ ಬೈಯಲಿಲ್ಲ, ಅದೇ ಕಷ್ಟ ಆಯ್ತು. "ಇಲ್ಲಿ ನನ್ನ ತಪ್ಪು ಏನು ಅಂತ ಯಾರಾದ್ರೂ ಹೇಳಿದ್ರೆ ಸಾಕಿತ್ತು" ಅಂತಷ್ಟೇ ಅಂದ್ರು. ಮಾಮನೂ ಇದೇ ಮಾತು ಹೇಳ್ತಿದ್ದ, ಶಬ್ದ ಬೇರೆ.

4/7

ಈಗ ಕಾನೂನು. ಬೋರ್ ಅನಿಸಿದ್ರೂ ಓದಿ.

ಮೊದಲು ವಿದೇಶಿಯರ ಮೇಲಿದ್ದದ್ದು ಹೆಚ್ಚಾಗಿ ಬ್ರಿಟಿಷರ ಕಾಲದ ಕಾಯ್ದೆಗಳು: 1920ರದ್ದು, 1939ರದ್ದು, 1946ರದ್ದು. 2025ರಲ್ಲಿ ಅವನ್ನೆಲ್ಲ ತೆಗೆದು ಒಂದೇ ವಲಸೆ ಮತ್ತು ವಿದೇಶಿಯರ ಕಾಯ್ದೆ ಮಾಡಿದ್ರು, ಸೆಪ್ಟೆಂಬರ್ 1ರಿಂದ ಜಾರಿ. ವೀಸಾ ಮುಗಿದ ಮೇಲೂ ಉಳಿದ್ರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಳೆಯ ಕಾಯ್ದೆಯ ಒಂದು ಗುಣ ಹೊಸದರಲ್ಲೂ ಉಳಿದಿದೆ. ನೀನು ವಿದೇಶಿ ಹೌದೋ ಅಲ್ಲವೋ ಅನ್ನೋ ಪ್ರಶ್ನೆ ಬಂದ್ರೆ, ಅಲ್ಲ ಅಂತ ಸಾಬೀತು ಮಾಡೋ ಭಾರ ನಿನ್ನದೇ. ಸರ್ಕಾರದ್ದಲ್ಲ.

ಕಾಗದದಿಂದ ನೀನು ಯಾರು ಅಂತ ಸಾಬೀತು ಮಾಡು ಅನ್ನೋ ಮಾತು ಕಾರವಾರ, ಅಂಕೋಲಾದವರಿಗೆ ಹೊಸದಾ? ಸೀಬರ್ಡ್‌ಗೆ ಮನೆ, ಗದ್ದೆ ಬಿಟ್ಟುಕೊಟ್ಟವರನ್ನ ಕೇಳಿ. 1986ರಲ್ಲಿ ಶಿಲಾನ್ಯಾಸ ಆದ ಯೋಜನೆ. ಪರಿಹಾರಕ್ಕಾಗಿ ಫೈಲ್ ಹಿಡಿದು ಕೋರ್ಟು ಹತ್ತಿ ಇಳಿದು ಮುದುಕರಾದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಸ್ವಂತ ದೇಶದಲ್ಲಿ, ಸ್ವಂತ ಭಾಷೆಯಲ್ಲಿ, ಗುರುತಿನವರಿದ್ದೂ ಆ ಪಾಡು. ಭಾಷೆ ಬರದವರ ಗತಿ ನೀವೇ ಲೆಕ್ಕ ಹಾಕಿ.

5/7

2025ರ ಜುಲೈ. ಗೋಕರ್ಣದ ರಾಮತೀರ್ಥ ಗುಡ್ಡ. ಗಸ್ತು ಹೋದ ಪೊಲೀಸರಿಗೆ ಗುಹೆಯಲ್ಲಿ ರಷ್ಯಾದ ಒಬ್ಬ ತಾಯಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸಿಕ್ಕಿದ್ರು. ಆಕೆಯ ವೀಸಾ 2017ರಲ್ಲೇ ಮುಗಿದಿತ್ತು ಅಂತ ಪೊಲೀಸರು ಹೇಳಿದ್ರು. ಮಳೆಗಾಲ, ಗುಡ್ಡ ಕುಸಿಯೋ ಜಾಗ. ಹಿಂದಿನ ಜುಲೈನಲ್ಲೇ ಶಿರೂರಿನಲ್ಲಿ ಏನಾಯ್ತು ಅಂತ ನಮಗೆಲ್ಲ ಗೊತ್ತು. ಅಲ್ಲಿಂದ ಅವರನ್ನ ಕೆಳಗಿಳಿಸಿದ್ದು ಸರಿ ಅಂತಲೇ ನಾನು ಹೇಳ್ತೇನೆ.

ಆಮೇಲೆ ನಾವು ಮಾಡಿದ್ದೇನು? ಆ ಮಕ್ಕಳ ಮುಖ ಇಡೀ ದೇಶದ ಫೋನುಗಳಲ್ಲಿ ಓಡಾಡ್ತು. ನಮ್ಮ ಗ್ರೂಪಲ್ಲೂ. ಒಬ್ಬರು ಆಕೆಯನ್ನ ಸನ್ಯಾಸಿನಿ ಮಾಡಿ ಕೈ ಮುಗಿದ್ರು, ಇನ್ನೊಬ್ಬರು ಗೂಢಚಾರಿಣಿ ಮಾಡಿದ್ರು. ತಾಯಿ ಮಕ್ಕಳನ್ನ ತುಮಕೂರಿನ ವಿದೇಶಿಯರ ಕೇಂದ್ರಕ್ಕೆ ಕಳಿಸಿದ್ರು, ಪ್ರಕರಣ ಹೈಕೋರ್ಟಿಗೂ ಹೋಯ್ತು. ಆ ಹೊತ್ತಿಗೆ ನಮ್ಮ ಗ್ರೂಪು ಬೇರೆ ಮೀಮಿಗೆ ಹೋಗಿತ್ತು.

ಸಣ್ಣ ಮಕ್ಕಳ ಮುಖ ಫಾರ್ವರ್ಡ್ ಮಾಡಬಾರದು ಅಂತ ನಮ್ಮ ಮನೆ ಮಕ್ಕಳ ವಿಷಯದಲ್ಲಿ ಎಷ್ಟು ಚೆನ್ನಾಗಿ ಗೊತ್ತಿರ್ತದೆ ನೋಡಿ.

ಇನ್ನೊಂದು. "ಫಾರಿನರ್" ಅನ್ನೋ ಶಬ್ದ ನಾವು ಯಾರಿಗೆ ಇಟ್ಟಿದ್ದೇವೆ? ಬಿಳಿಯರಿಗೆ. ಅವರ ಜೊತೆ ಸೆಲ್ಫಿ ಬೇಕು, ಎರಡು ಪಟ್ಟು ರಿಕ್ಷಾ ಬಾಡಿಗೆಯೂ ಬೇಕು. ಅದೇ ಗೋಕರ್ಣದಲ್ಲಿ ಪಾತ್ರೆ ತೊಳೆಯೋ ನೇಪಾಳಿ ಹುಡುಗನಿಗೆ 1950ರ ಒಪ್ಪಂದದಿಂದಾಗಿ ವೀಸಾನೇ ಬೇಡ. ಆದ್ರೆ ಎಲ್ಲಿಯಾದ್ರೂ ಕಳ್ಳತನ ಆದ್ರೆ "ಆಧಾರ್ ಉಂಟನಾ?" ಅಂತ ಮೊದಲು ಕೇಳೋದು ಯಾರನ್ನ?

6/7

ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಮುಂಡಗೋಡ. ನಮ್ಮದೇ ಜಿಲ್ಲೆ.

ಅಲ್ಲಿನ ಟಿಬೆಟನ್ ಕಾಲೊನಿ 1966ರಲ್ಲಿ ಶುರುವಾಯ್ತು. ನಾವು ಶಾಲೆಯಿಂದ ಪ್ರವಾಸ ಹೋಗಿ ಮೊನಾಸ್ಟರಿ ಮುಂದೆ ಫೋಟೋ ತೆಗೆಸಿಕೊಂಡು ಬಂದದ್ದು ನೆನಪಿದೆಯಾ? ಗೈಡ್ ಮಾಡಿದ ಹುಡುಗ ನಮಗಿಂತ ಚೆಂದ ಕನ್ನಡ ಮಾತಾಡಿದ್ದ, ಅದೂ ಘಟ್ಟದ ಮೇಲಿನ ಕನ್ನಡ. ಅವ ಹುಟ್ಟಿದ್ದು ಅಲ್ಲೇ. ಆದ್ರೆ ಸರ್ಕಾರದ ಪುಸ್ತಕದಲ್ಲಿ ಅಂಥವರು ವಿದೇಶಿಯರು. ರಿಜಿಸ್ಟ್ರೇಶನ್ ಸರ್ಟಿಫಿಕೇಟ್, ಅವರ ಬಾಯಲ್ಲಿ ಆರ್‌ಸಿ, ಅವಧಿಗೊಮ್ಮೆ ನವೀಕರಿಸಬೇಕು. ಹೊರದೇಶಕ್ಕೆ ಹೋಗೋಕೆ ಪಾಸ್‌ಪೋರ್ಟ್ ಅಲ್ಲ, ಹಳದಿ ಬಣ್ಣದ ಒಂದು ಪುಸ್ತಕ. ಅದನ್ನ ನೋಡಿ ಇದೇನು ಅಂತ ಕೇಳದ ವಿಮಾನ ನಿಲ್ದಾಣ ಕಡಿಮೆಯಂತೆ.

ತಮಾಷೆ ಅಂದ್ರೆ, ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರೂ ಸೇರಿ. ಕಾಯ್ದೆಯಲ್ಲಿ ಸ್ಪಷ್ಟವಾಗಿ ಇದ್ದದ್ದನ್ನ ಪಡೆಯೋಕೂ ಕೋರ್ಟಿಗೆ ಹೋಗಬೇಕಾಯ್ತು. 2010ರಲ್ಲಿ ದೆಹಲಿ ಹೈಕೋರ್ಟ್ ಹೇಳ್ತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳ್ತು. ಪಾಸ್‌ಪೋರ್ಟ್ ಕೊಡಿ ಅಂತ ಎಲ್ಲ ಆಫೀಸಿಗೂ ಸೂಚನೆ ಹೋದದ್ದು 2017ರಲ್ಲಿ. ಏಳು ವರ್ಷ! ಅದರ ನಂತರ ಹುಟ್ಟಿದವರಿಗೆ, ಅಂದ್ರೆ ನಮ್ಮ ವಯಸ್ಸಿನವರಿಗೆ, ಆ ದಾರಿಯೂ ಹಾಗೆ ತೆರೆದಿಲ್ಲ.

ಮೂವತ್ತು ವರ್ಷ ದುಡಿದರೂ ಗಲ್ಫಿನವರು ನಮ್ಮವರಿಗೆ ಪೌರತ್ವ ಕೊಡಲ್ಲ ಅಂತ ನಾವು ಹಳಹಳಿಸ್ತೇವೆ. ಮುಂಡಗೋಡದಲ್ಲಿ ಅರವತ್ತು ವರ್ಷ ಆಯ್ತು.

7/7

ಈಗ ಬರೋ ಕಾಮೆಂಟ್ ಗೊತ್ತು. "ದೇಶದ ಭದ್ರತೆ ಬೇಡವಾ? ಪಕ್ಕದಲ್ಲೇ ನೇವಲ್ ಬೇಸ್, ಆಚೆಗೆ ಕೈಗಾ."

ಬೇಕು. ನಾನೂ ಇಲ್ಲೇ ಮಲಗೋದು, ಕೈಗಾ ನಿಮಗೆ ಎಷ್ಟು ಹತ್ತಿರವೋ ನನಗೂ ಅಷ್ಟೇ. ಯಾರು ಬಂದ್ರು, ಎಲ್ಲಿದ್ದಾರೆ, ಯಾವಾಗ ಹೋಗ್ತಾರೆ ಅಂತ ಸರ್ಕಾರ ಬರೆದಿಟ್ಟುಕೊಳ್ಳಲಿ. ಆದ್ರೆ ನನಗೊಂದು ಹೇಳಿ: ತಿರಸ್ಕರಿಸಿದ ಅರ್ಜಿಗೆ ಕಾರಣ ಬರೆದ್ರೆ ಯಾವ ಭದ್ರತೆ ಕೆಡ್ತದೆ? ಆ ಅಕ್ಕನಿಗೆ "ನಂಬರ್ ಹೊಂದಿಕೆಯಾಗ್ತಿಲ್ಲ" ಅಂತ ಎರಡು ಶಬ್ದ ಕಳಿಸಿದ್ರೆ ನೇವಲ್ ಬೇಸಿಗೆ ಏನು ತೊಂದರೆ? ಉಲ್ಟಾ ನೋಡಿ. ತಪ್ಪು ನಂಬರ್ ಸರ್ಕಾರದ ಪುಸ್ತಕದಲ್ಲಿ ಮೂರು ವಾರ ಹಾಗೇ ಕೂತಿತ್ತು. ಭದ್ರತೆ ಅಂದ್ರೆ ಅದಾ?

2018ರಲ್ಲಿ ಎಲ್ಲ ಆನ್‌ಲೈನ್ ಮಾಡಿದಾಗ ಇನ್ನು ಆಫೀಸಿಗೆ ಅಲೆಯೋದು ಬೇಡ ಅಂದ್ರು. ಒಳ್ಳೆಯದೇ. ಆದ್ರೆ ಐದು ನಿಮಿಷದಲ್ಲಿ ತಪ್ಪು ಹುಡುಕಿದ ಆ ಸಿಬ್ಬಂದಿಯಂಥವರು ಸ್ಕ್ರೀನಿನ ಆಚೆ ಬೇಕಲ್ಲ. ನಾನು ಕೇಳೋದು ಇಷ್ಟೇ: ಅರ್ಜಿ ತಗೊಂಡದ್ದಕ್ಕೆ ತಾರೀಕು ಹಾಕಿದ ರಸೀತಿ, ಇಷ್ಟು ದಿನದಲ್ಲಿ ಉತ್ತರ ಅನ್ನೋ ಮಾತು, ಇಲ್ಲ ಅಂದ್ರೆ ಯಾಕೆ ಇಲ್ಲ ಅಂತ ಬರಹ. ಅಲ್ಲಿಯವರೆಗೆ ದಂಡದ ಮೀಟರ್ ಓಡಿಸಬೇಡಿ. ಸೌದಿಯಲ್ಲಿ ಮಾಮನಿಗೆ ನಾವು ಕೇಳಿದ್ದೂ ಇದನ್ನೇ. ಅಲ್ಲಿ ಹಕ್ಕು, ಇಲ್ಲಿ ಉಪಕಾರ ಅಂತ ಆಗೋಕೆ ಸಾಧ್ಯ ಇಲ್ಲ.

ಮಾಮ ಹದಿನಾಲ್ಕು ತಿಂಗಳ ಮೇಲೆ ಬಂದ. ಈಗ ಊರಲ್ಲೇ ಎಸಿ ರಿಪೇರಿ. ಆ ಮೀಮ್ ಅವನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿದ. "ಇವಳು ಬೆಳಿಗ್ಗೆಯಿಂದ ಏನೂ ತಿಂದ ಹಾಗೆ ಕಾಣೂದಿಲ್ಲ" ಅಂದ, ಫೋನ್ ವಾಪಸ್ ಕೊಟ್ಟ.

ನಿಮ್ಮ ಮನೆಯಲ್ಲಿ ಹೋಮ್‌ಸ್ಟೇ ಇದ್ರೆ, ಫಾರ್ಮ್ ತುಂಬೋದು ಗೊತ್ತಾಗದಿದ್ರೆ ಡಿಎಂ ಮಾಡಿ. ಭಾನುವಾರ ಫ್ರೀ ಇರ್ತೇನೆ, ಕೂತು ತುಂಬೋಣ. ನಂಬರ್ ಎರಡು ಸಲ ಓದಿ ಹೇಳಬೇಕು, ಅದೊಂದು ಕಂಡೀಷನ್. ಮ್ಯಾಚ್ ಇದ್ದ ದಿನ ಬೇಡ.

#ಕಿನ್ನರ #ಕಾರವಾರ #ಅಂಕೋಲಾ #ಮುಂಡಗೋಡ #ನಾಳೆಬಾ