ಸೀರೆ, ಶೂಸು ಮತ್ತು ನಮ್ಮ ನಾಚಿಕೆ

ಶಿಕಾಗೋದಲ್ಲಿ ಏಪ್ರಿಲ್ ಬಂತು ಅಂದ್ರೆ ಜನಕ್ಕೆ ಹುಚ್ಚು ಹಿಡಿಯುತ್ತೆ. 45 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಬರೀ 7 ಡಿಗ್ರಿ, ಆದ್ರೆ ಸಾಕು, ಚಡ್ಡಿ ಹಾಕ್ಕೊಂಡು ಬೀದಿಗೆ! ಮೇಲೆ ದಪ್ಪ ಜಾಕೆಟ್ಟು, ಕೆಳಗೆ ಬರಿಗಾಲು... ಮಿಶಿಗನ್ ಸರೋವರದ ನೀರು ಬೇಗ ಬಿಸಿಯಾಗಲ್ಲ ನೋಡಿ, ಹಾಗಾಗಿ ದಡದ ಹತ್ತಿರ ಇನ್ನೂ ಚಳಿ. ಒಂದೇ ದಿನ, ಒಂದೇ ಊರು, ಮೈಮೇಲೆ ಮೂರು ಕಾಲದ ಬಟ್ಟೆ. ಇದಕ್ಕೆ 'ಲೇಯರಿಂಗ್' ಅಂತ ಹೆಸರು. ಫೋಟೋ ಬೇರೆ ತೆಗೀತಾರೆ.

ಸರಿ ಸ್ವಾಮಿ. ಅದೇ ನಮ್ಮಮ್ಮ ಸೀರೆ ಮೇಲೆ ನನ್ನ ಹಳೇ ಜಾಕೆಟ್ ಹಾಕ್ಕೊಂಡು, ತಲೆಗೆ ಮಫ್ಲರ್ ಸುತ್ತಿ, ಸ್ಪೋರ್ಟ್ಸ್ ಶೂನಲ್ಲಿ ವಾಕಿಂಗ್ ಹೊರಟರೆ? ನಮ್ಮ ದೇಸಿ ಹುಡುಗರಿಗೇ ಕಿಸಿಕಿಸಿ ನಗು. ಅಲ್ರೀ, ಥರ್ಮಲ್ಸು, ಲಂಗ, ಸೀರೆ, ಸ್ವೆಟರು, ಜಾಕೆಟ್ಟು... ಎಣಿಸಿ ನೋಡಿ, ಇದಕ್ಕಿಂತ ಲೇಯರಿಂಗ್ ಬೇಕಾ? ಮಳೆನೀರು ನಿಂತಿದ್ರೆ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಾಟ್ತಾರೆ. ನನ್ನ ಜೀನ್ಸ್ ಮೊಣಕಾಲ ತನಕ ಒದ್ದೆ!

ನ್ಯೂಯಾರ್ಕಿನ ಬೀದಿ ಫ್ಯಾಷನ್ನಿನ ಫೋಟೋ ತೆಗೆದೇ ಹೆಸರಾದ, 2016ರಲ್ಲಿ ತೀರಿಕೊಂಡ ಬಿಲ್ ಕನಿಂಗ್‌ಹ್ಯಾಮ್ ಸ್ವತಃ ಹಾಕ್ತಿದ್ದದ್ದು ಕೆಲಸಗಾರರ ನೀಲಿ ಜಾಕೆಟ್. ಅವರನ್ನ ನೋಡಿ ಯಾರೂ ಮೂಗು ಮುರೀಲಿಲ್ಲ.

ನಾನೂ ಏನು ಸಾಚಾ ಅಲ್ಲ. ಮೊದಲ ವಾರವೇ, "ಪ್ಯಾಂಟ್ ಹಾಕ್ಕೊಳಮ್ಮಾ, ಎಲ್ರೂ ನೋಡ್ತಾರೆ" ಅಂದಿದ್ದೆ.

"ಎಲ್ರೂ ಅಂದ್ರೆ ಯಾರೋ?" ಅಂದ್ರು ಅಮ್ಮ.

ಆವತ್ತು ಡೆವಾನ್ ಅವೆನ್ಯೂನಲ್ಲಿ ಅವರಿಂದ ನಾಲ್ಕು ಹೆಜ್ಜೆ ಮುಂದೆ ನಡೆದೆ. ತಿರುಗಿ ತಿರುಗಿ ನೋಡ್ತಿದ್ದವನು ನಾನೊಬ್ಬನೇ.