ಗರಿ ಎಣಿಸಬಹುದು, ಬದು ಹೇಳಲಾಗದು

ತೆಂಗಿನ ತೋಟದ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆದರೆ ಗರಿಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತದೆ. ಆದರೆ ಆ ಮರ ಯಾರ ಬದುವಿನೊಳಗಿದೆ ಎಂದು ಅಷ್ಟರಿಂದಲೇ ಹೇಳಲಾಗದು. ಸ್ಪಷ್ಟತೆ ಬೇರೆ, ಸ್ಥಾನದ ನಿಖರತೆ ಬೇರೆ.

ಡ್ರೋನಿಗೆ ತಾನಿರುವ ಜಾಗ ತಿಳಿಯುವುದು ಜಿಪಿಎಸ್‌ನಂಥ ಉಪಗ್ರಹಗಳ ಸಂಕೇತದಿಂದ. ಸಂಕೇತ ತಲುಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರ್ ಓಡುತ್ತದೆ! ವಾಯುಮಂಡಲದಲ್ಲಿ ಸಂಕೇತ ಚೂರು ತಡವಾದರೂ ಲೆಕ್ಕ ಕೆಲವು ಮೀಟರ್ ತಪ್ಪುತ್ತದೆ. ನಮ್ಮ ಕಂದಿಕೆರೆ ಕಡೆ ತೆಂಗಿನ ಮರಗಳ ನಡುವಣ ಅಂತರವೇ ಸುಮಾರು 30 ಅಡಿ.

ಇನ್ನೊಂದು ತಪ್ಪು ಇದಕ್ಕಿಂತ ಸ್ವಾರಸ್ಯದ್ದು. ಹತ್ತನೇ ತರಗತಿಯವರು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕ್ಯಾಮೆರಾ 100 ಮೀಟರ್ ಎತ್ತರದಲ್ಲಿದೆ. ಅದರ ನೇರ ಕೆಳಗಿನ ಬಿಂದುವಿನಿಂದ 40 ಮೀಟರ್ ದೂರದಲ್ಲಿ 20 ಮೀಟರ್ ಎತ್ತರದ ತೆಂಗಿನ ಮರವಿದೆ. ಕ್ಯಾಮೆರಾದಿಂದ ಮರದ ಸುಳಿಗೆ ಗೆರೆ ಎಳೆದು ನೆಲದವರೆಗೆ ಮುಂದುವರಿಸಿ. ಸಮರೂಪ ತ್ರಿಭುಜಗಳ ಲೆಕ್ಕದಂತೆ ಅದು ನೆಲ ಮುಟ್ಟುವುದು 50 ಮೀಟರ್ ದೂರದಲ್ಲಿ. ಅಂದರೆ ಬುಡ ಇದ್ದಲ್ಲೇ ಇದ್ದರೂ ಚಿತ್ರದಲ್ಲಿ ಸುಳಿ 10 ಮೀಟರ್ ಆಚೆ, ಪಕ್ಕದ ಸಾಲಿನ ಮೇಲೆ ಬಿದ್ದಂತೆ ಕಾಣುತ್ತದೆ. ಕಾಯಿ ಯಾರದೆಂಬ ಜಗಳಕ್ಕೆ ಇಷ್ಟು ಸಾಲದೇ? ಒಂದೇ ಜಾಗವನ್ನು ಬೇರೆ ಬೇರೆ ಕಡೆಯಿಂದ ಹಲವು ಬಾರಿ ಚಿತ್ರಿಸಿ, ಎತ್ತರ ಲೆಕ್ಕ ಹಾಕಿ ಈ ಓರೆಯನ್ನು ತಿದ್ದುತ್ತಾರೆ.

ಹೆಂಚಿನ ಮನೆಯ ಸೂರಿಗೂ ಇದೇ ಲೆಕ್ಕ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಅಳೆಯುವುದು ತೋಟವನ್ನಲ್ಲ, ಊರೊಳಗಿನ ಮನೆ, ನಿವೇಶನಗಳನ್ನು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 1767ರಲ್ಲಿ ಹುಟ್ಟಿದ ಭಾರತೀಯ ಸರ್ವೇಕ್ಷಣಾ ಇಲಾಖೆ ಇದಕ್ಕಾಗಿ ಅಲ್ಲಲ್ಲಿ ಕಾಯಂ ಕೇಂದ್ರಗಳನ್ನು ಸ್ಥಾಪಿಸಿದೆ. ಕೇಂದ್ರದ ಸ್ಥಾನ ಮೊದಲೇ ಗೊತ್ತು; ಉಪಗ್ರಹದ ಲೆಕ್ಕ ಅದಕ್ಕಿಂತ ಎಷ್ಟು ಬೇರೆ ಬಂತೋ ಅಷ್ಟೇ ಆ ಹೊತ್ತಿನ ತಪ್ಪು. ಅದನ್ನು ಡ್ರೋನಿನ ಲೆಕ್ಕದಿಂದ ಕಳೆದರೆ ಉಳಿಯುವ ವ್ಯತ್ಯಾಸ ಸುಮಾರು 5 ಸೆಂಟಿಮೀಟರ್.

ಇಷ್ಟಾದರೂ ಗಡಿ ಯಾವುದೆಂದು ಕ್ಯಾಮೆರಾಕ್ಕೆ ತಿಳಿಯದು. ಅದಕ್ಕೇ ಹಾರಾಟಕ್ಕೆ ಮುಂಚೆ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರೆ. ಗೆರೆ ಒಂದಡಿ ಆಚೆ ಬಿದ್ದರೆ ನಕ್ಷೆಯಲ್ಲೂ ಒಂದಡಿ ಆಚೆಯೇ. ಪೋಷಕರು ಆ ದಿನ ಊರಿನಲ್ಲಿರುವುದು ಒಳ್ಳೆಯದು. ಕರಡು ನಕ್ಷೆ ಬಂದ ಮೇಲೆ ಆಕ್ಷೇಪಣೆಗೂ ಅವಕಾಶವುಂಟು. ಆಗ ಮಕ್ಕಳ ಕೈಗೊಂದು ಟೇಪು ಕೊಟ್ಟು ನಿವೇಶನದ ನಾಲ್ಕು ಬದಿಯನ್ನೂ ಅಳೆಸಿ, ನಕ್ಷೆಯ ಅಂಕಿಗಳೊಂದಿಗೆ ತಾಳೆ ನೋಡಿ.