ಒಂದೇ ತೊಟ್ಟಿಯಲ್ಲಿ ಹಲವು ಸಿಗಡಿ



ಸಿಗಡಿ ಎಂದೊಡನೆ ನಮ್ಮಲ್ಲಿ ಅನೇಕರ ಬಾಯಲ್ಲಿ ನೀರೂರುತ್ತದೆ. ಕುಂದಾಪುರದ ಕಡೆಯವರ ಮನೆಯಲ್ಲಿ ಅದು ಚಟ್ಲಿ, ತುಳು ಮಾತಾಡುವವರಲ್ಲಿ ಎಟ್ಟಿ, ಕೊಂಕಣಿಯವರಲ್ಲಿ ಸುಂಗಟ, ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ಕೋಳಂಬಿ. ಸಸ್ಯಾಹಾರಿಗಳ ಮನೆಯಲ್ಲಂತೂ ಅದರ ಹೆಸರೆತ್ತುವಂತಿಲ್ಲ! ಆದರೆ ಈ ತಿಂಗಳ ಸಿಗಡಿ ಒಲೆಯ ಮೇಲಿನದಲ್ಲ, ಗಾಜಿನ ತೊಟ್ಟಿಯೊಳಗಿನದು. ಆದ್ದರಿಂದ ಎಲ್ಲರೂ ನಿಶ್ಚಿಂತೆಯಿಂದ ಓದಬಹುದು.

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ಆರಂಭವಾಯಿತು. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದ ನೆನಪು ನಿಮ್ಮ ತಂದೆತಾಯಿಯರಿಗೆ ಇದ್ದೀತು. ಅಂದು ಅಲ್ಲಿಗೆ ಹೋಗಿ ನೋಡಬೇಕಿದ್ದ ಕಡಲನ್ನು ಇಂದು ಮನೆಯ ಮೂಲೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸ ನಗರದ ತರುಣರಲ್ಲಿ ಕಾಣುತ್ತಿದೆ. ಅಂಗಡಿಗೆ ಹೋದವರ ಕಣ್ಣು ಮೊದಲು ಬಣ್ಣದ ಮೀನುಗಳ ಮೇಲೆ ಬೀಳುತ್ತದೆ, ಆಮೇಲೆ ಸಿಗಡಿಗಳ ಮೇಲೆ. ಕೆಂಪು, ಬಿಳಿ, ಪಟ್ಟೆ, ಚುಕ್ಕೆ! ಇದೊಂದು, ಅದೊಂದು ಎಂದು ನಾಲ್ಕಾರು ಬಗೆಯನ್ನು ಒಟ್ಟಿಗೆ ತಂದು ನೀರಿಗೆ ಬಿಟ್ಟರೆ ವಾರದೊಳಗೆ ಒಂದೇ ಉಳಿದಿರುವುದೂ ಉಂಟು. ಉಳಿದವು ಎಲ್ಲಿ ಹೋದವು? ಕಡಲಿನಲ್ಲಿ ಜಗಳವಾದರೆ ಸೋತವನು ಓಡಿಹೋಗಬಹುದು. ತೊಟ್ಟಿಯಲ್ಲಿ ಓಡುವುದೆಲ್ಲಿಗೆ? ನಾಲ್ಕೂ ಕಡೆ ಗಾಜು.

ಆದ್ದರಿಂದ ಯಾರು ಯಾರೊಡನೆ ಬಾಳಬಲ್ಲರು ಎಂಬುದನ್ನು ಮೊದಲು ತಿಳಿಯಬೇಕು.

ಎಲ್ಲರೊಡನೆ ಹೊಂದಿಕೊಳ್ಳುವುದರಲ್ಲಿ ಮೊದಲ ಸ್ಥಾನ ಕ್ಲೀನರ್ ಶ್ರಿಂಪ್‌ನದು. ಕೆಂಪು ಬೆನ್ನಿನ ನಟ್ಟನಡುವೆ ಒಂದು ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ. ಇದರ ಕಸುಬೇ ಮೀನುಗಳ ಮೈ ತೊಳೆಯುವುದು. ಬಂಡೆಯ ಮೇಲೆ ನಿಂತು ಮೀಸೆ ಆಡಿಸಿದರೆ ಮೀನುಗಳು ಹತ್ತಿರ ಬಂದು ನಿಲ್ಲುತ್ತವೆ, ಕೆಲವು ಬಾಯಿಯನ್ನೂ ತೆರೆಯುತ್ತವೆ. ಸಿಗಡಿ ಪರೋಪಜೀವಿಗಳನ್ನೂ ಸತ್ತ ಚರ್ಮವನ್ನೂ ಹೆಕ್ಕಿ ತಿನ್ನುತ್ತದೆ. ಇವನ್ನು ಜೋಡಿಯಾಗಿ ಸಾಕಬಹುದು. ಗಂಡು ಯಾವುದು, ಹೆಣ್ಣು ಯಾವುದು ಎಂದು ಹುಡುಕುವ ಕಷ್ಟವೂ ಇಲ್ಲ. ಮೊದಲು ಗಂಡಾಗಿ ಬೆಳೆಯುವ ಈ ಜೀವಿ ಬಲಿತ ಮೇಲೆ ಗಂಡೂ ಹೌದು, ಹೆಣ್ಣೂ ಹೌದು. ಬಲಿತ ಯಾವ ಎರಡು ಕೂಡಿದರೂ ಹೊಟ್ಟೆಯಡಿ ಮೊಟ್ಟೆ ಹೊರಬಲ್ಲವು.

ಇದೇ ಕುಲದ ಇನ್ನೊಂದು ಪೆಪ್ಪರ್‌ಮಿಂಟ್ ಶ್ರಿಂಪ್. ಇದು ನಾಚಿಕೆಯ ಪ್ರಾಣಿ, ಹಗಲಿನಲ್ಲಿ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಮೂರು ನಾಲ್ಕನ್ನು ಒಟ್ಟಿಗೆ ಬಿಡಬಹುದು. ಉಪ್ಪುನೀರಿನ ತೊಟ್ಟಿಯಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಕುಟುಕುವ ಜೀವಿಯನ್ನು ಇದು ತಿನ್ನುವುದರಿಂದ ಹವ್ಯಾಸಿಗಳಿಗೆ ಇದರ ಮೇಲೆ ವಿಶೇಷ ಪ್ರೀತಿ. ಆದರೆ ಕೊಳ್ಳುವಾಗ ಎಚ್ಚರ! ಇದೇ ಹೆಸರಿನಲ್ಲಿ ಕ್ಯಾಮಲ್ ಶ್ರಿಂಪ್ ಎಂಬುದನ್ನೂ ಮಾರುವುದುಂಟು. ಅದರ ಬೆನ್ನು ಒಂಟೆಯಂತೆ ಗೂನು, ಮೈಮೇಲೆ ಬಿಳಿ ಗೆರೆ ಮತ್ತು ಚುಕ್ಕೆ, ಮೂತಿಯಲ್ಲಿ ಮೇಲೆ ಕೆಳಗೆ ಆಡುವ ಕೊಕ್ಕು. ಅದು ತೊಟ್ಟಿಯಲ್ಲಿರುವ ಮೆತ್ತನೆಯ ಹವಳಜೀವಿಗಳನ್ನು ಮೇಯುತ್ತದೆ.

ಗಾಢ ಕೆಂಪು ಮೈಯಲ್ಲಿ ಬಿಳಿ ಚುಕ್ಕೆಯ ಫೈರ್ ಶ್ರಿಂಪ್ ಕೂಡ ಇದೇ ಕುಲದ್ದು. ಸಾಕಷ್ಟು ಗುಹೆಗಳಿದ್ದರೆ ಕ್ಲೀನರ್ ಜೊತೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೆ ತನ್ನವರೇ ಹೆಚ್ಚಾದರೆ ಇದಕ್ಕೆ ಸಹನೆಯಿಲ್ಲ, ಒಂದು ಜೋಡಿ ಸಾಕು.

ಪಿಸ್ತೂಲ್ ಶ್ರಿಂಪ್‌ನ ಕಥೆಯೇ ಬೇರೆ. ಇದರ ಒಂದು ಇಕ್ಕಳ ಇನ್ನೊಂದಕ್ಕಿಂತ ಬಹಳ ದೊಡ್ಡದು. ಅದನ್ನು ಮುಚ್ಚಿದಾಗ ನೀರು ರಭಸದಿಂದ ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತದೆ. ನಮಗೆ ಕೇಳುವ 'ಟಪ್' ಎಂಬ ಸದ್ದು ಇಕ್ಕಳ ಬಡಿದದ್ದಲ್ಲ, ಆ ಗುಳ್ಳೆ ಕುಸಿದದ್ದು ಎಂದು ವಿಜ್ಞಾನಿಗಳು 2000ದಲ್ಲಿ ತೋರಿಸಿಕೊಟ್ಟರು. ಮೊದಲ ಸಲ ಕೇಳಿದವರು ತೊಟ್ಟಿಯ ಗಾಜೇ ಬಿರುಕು ಬಿಟ್ಟಿತೆಂದು ಗಾಬರಿಯಾಗುತ್ತಾರೆ! ಇದರ ಕೆಲವು ಜಾತಿಗಳು ಗೋಬಿ ಎಂಬ ಪುಟ್ಟ ಮೀನಿನೊಡನೆ ಒಂದೇ ಬಿಲದಲ್ಲಿ ಬಾಳುತ್ತವೆ. ಸಿಗಡಿಗೆ ದೃಷ್ಟಿ ಮಂದ, ಬಿಲ ತೋಡುವುದು ಅದರ ಪಾಲು. ಮೀನಿಗೆ ಕಣ್ಣು ಚುರುಕು, ಕಾವಲು ಅದರ ಪಾಲು. ಹೊರಗೆ ಬಂದಾಗ ಸಿಗಡಿಯ ಒಂದು ಮೀಸೆ ಮೀನಿನ ಮೈಗೆ ತಾಗಿಯೇ ಇರುತ್ತದೆ. ಅಪಾಯ ಕಂಡು ಮೀನು ಬಾಲ ಅದುರಿಸಿದರೆ ಇಬ್ಬರೂ ಒಳಗೆ. ಪೆಪ್ಪರ್‌ಮಿಂಟ್‌ನಂಥ ಚಿಕ್ಕವರು ಈ ಬಿಲದ ಬಾಗಿಲಿಗೆ ಹೋಗದಂತೆ ಬಂಡೆಗಳನ್ನು ದೂರದಲ್ಲಿ ಜೋಡಿಸುವುದು ಒಳ್ಳೆಯದು. ಬಂಡೆಗಳು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೇ ಕೂತಿರಬೇಕು. ಇಲ್ಲವಾದರೆ ಇದು ಬಿಲ ತೋಡುತ್ತ ತೋಡುತ್ತ ಬಂಡೆಯನ್ನೇ ಉರುಳಿಸೀತು.

ಇನ್ನು ಒಟ್ಟು ಸಂಸಾರಕ್ಕೆ ಒಗ್ಗದವರು. ಬಾಕ್ಸರ್ ಶ್ರಿಂಪ್ ಇವರಲ್ಲಿ ಮುಖ್ಯ. ಕೆಂಪು ಬಿಳಿ ಪಟ್ಟೆಯ ಉದ್ದ ಇಕ್ಕಳಗಳನ್ನು ಮುಂದೆ ಚಾಚಿ ಕುಸ್ತಿಪಟುವಿನಂತೆ ನಿಲ್ಲುವ ಇದರ ಚೆಲುವಿಗೆ ಮರುಳಾಗದವರಿಲ್ಲ. ಆದರೆ ಕೂಡಿದ ಜೋಡಿಯ ಹೊರತು ತನ್ನ ಜಾತಿಯವರನ್ನೂ ಇದು ಸಹಿಸುವುದಿಲ್ಲ. ಇತರ ಸಿಗಡಿಗಳನ್ನು, ಅದರಲ್ಲೂ ಪೊರೆ ಕಳಚಿ ಮೆತ್ತಗಾದವನ್ನು, ಕೊಂದು ತಿನ್ನುತ್ತದೆ. ಹಾರ್ಲೆಕ್ವಿನ್ ಶ್ರಿಂಪ್ ಸಾಧು, ಆದರೆ ಅದರ ಊಟ ನಕ್ಷತ್ರಮೀನು ಮಾತ್ರ. ಅದನ್ನು ತಪ್ಪದೆ ಒದಗಿಸಲಾಗದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ಮ್ಯಾಂಟಿಸ್ ಶ್ರಿಂಪ್ ಹೆಸರಿಗೆ ಮಾತ್ರ ಸಿಗಡಿ, ಅದರ ವರ್ಗವೇ ಬೇರೆ. ಜೊತೆಯವರನ್ನು ಬಡಿದೋ ಇರಿದೋ ಕೊಲ್ಲುವ ಅದಕ್ಕೆ ಪ್ರತ್ಯೇಕ ತೊಟ್ಟಿಯೇ ಗತಿ. ಟ್ರಿಗರ್, ಲಯನ್‌ಫಿಶ್, ಹಾಕ್‌ಫಿಶ್, ಪಫರ್ ಮೀನುಗಳಿದ್ದಲ್ಲಂತೂ ನೀವು ತಂದ ಸಿಗಡಿ ಅವುಗಳ ಊಟವೆಂದೇ ತಿಳಿಯಿರಿ.

ಪೊರೆ ಕಳಚುವ ಮಾತು ಬಂತು. ಸಿಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಬಿಡಲೇಬೇಕು. ಬೆಳಿಗ್ಗೆದ್ದು ನೋಡಿದಾಗ ತಳದಲ್ಲಿ ಬಿದ್ದಿರುವುದು ಹೆಣವಲ್ಲ, ಬರೀ ಅಂಗಿ ಇರಬಹುದು! ಮುರಿದ ಕಾಲು ಮೀಸೆಗಳು ಮುಂದಿನ ಪೊರೆಗಳೊಂದಿಗೆ ಮತ್ತೆ ಮೂಡುತ್ತವೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮಾತ್ರ ಅದಕ್ಕೆ ರಕ್ಷಣೆಯಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಸಂದಿ ಸಿಗುವಷ್ಟು ಬಂಡೆಗಳಿರಬೇಕು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆದ್ದರಿಂದ ನಮ್ಮ ಕಡಲಿನಿಂದ ಕಿತ್ತ ಹವಳದ ಕಲ್ಲನ್ನು ಯಾರು ತೋರಿಸಿದರೂ ಕೊಳ್ಳಬೇಡಿ, ಕೃತಕ ಬಂಡೆಯೇ ಸಾಕು.

ನೀರಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ಅಡುಗೆ ಉಪ್ಪು ನಡೆಯದು, ಚೌಪಾಟಿಯ ನೀರೂ ಬೇಡ. ಅಕ್ವೇರಿಯಂಗೆಂದೇ ಮಾಡಿದ ಕಡಲುಪ್ಪನ್ನು ಶುದ್ಧೀಕರಿಸಿದ ನೀರಿನಲ್ಲಿ ಕದಡಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರುವಂತೆ ನೋಡಿಕೊಳ್ಳಿ. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಚೆನ್ನೈ, ದೆಹಲಿಯ ಬೇಸಗೆಯಲ್ಲಿ ಇದಕ್ಕೆ ತಂಪುಯಂತ್ರ ಬೇಕಾದೀತು. ಆವಿಯಾಗಿ ನೀರು ಇಳಿದಾಗ ಸಿಹಿನೀರನ್ನೇ ಸೇರಿಸಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಅಮೋನಿಯಾವನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಸಿಗಡಿ ತರಬೇಡಿ. ತಂದ ದಿನವೂ ಚೀಲದ ನೀರಿಗೆ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಬೆರೆಸಿ ಒಗ್ಗಿಸಿರಿ. ಮೀನಿಗೆ ರೋಗ ಬಂದಾಗ ತಾಮ್ರವಿರುವ ಔಷಧಿಯನ್ನು ಆ ತೊಟ್ಟಿಗೆ ಹಾಕಲೇಬಾರದು. ಮೀನು ಬದುಕಬಹುದು, ಸಿಗಡಿಗೆ ಅದು ವಿಷ.

ಹಾಗಾದರೆ ಯಾವ ಕೂಟ ಸರಿ? 200 ಲೀಟರಿನ ತೊಟ್ಟಿಯಲ್ಲಿ ಎರಡು ಕ್ಲೀನರ್, ಮೂರು ಪೆಪ್ಪರ್‌ಮಿಂಟ್, ಗೋಬಿಯೊಡನೆ ಒಂದು ಪಿಸ್ತೂಲ್. ಬಾಕ್ಸರ್ ಬೇಡವೇ ಬೇಡ. ನಾಚಿಕೆಯವರನ್ನು ಮೊದಲು ಬಿಡಿ, ಅವು ಮನೆ ಹಿಡಿದ ಮೇಲೆ ಧೈರ್ಯಸ್ಥರನ್ನು ಬಿಡಿ. ನೆನಪಿಡಿ, 200 ಲೀಟರ್ ಕಡಲನೀರೆಂದರೆ 205 ಕಿಲೋ. ಗಾಜು, ಮರಳು, ಬಂಡೆಯ ಭಾರ ಬೇರೆ.

ಇಷ್ಟೆಲ್ಲ ಎಚ್ಚರ ಏಕೆ? ದುಡ್ಡು ಹಾಳಾಗದಿರಲಿ ಎಂದಷ್ಟೇ ಅಲ್ಲ. ಅಂಗಡಿಯಲ್ಲಿ ಕಾಣುವ ಕಡಲಸಿಗಡಿಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳಿಂದ ಹಿಡಿದು ತಂದವು. ತೊಟ್ಟಿಯಲ್ಲಿ ಮೊಟ್ಟೆಯೊಡೆಯುವುದು ಸುಲಭ, ಆದರೆ ತೇಲುವ ಪುಟ್ಟ ಮರಿಗಳನ್ನು ದೊಡ್ಡದು ಮಾಡುವುದು ಬಹು ಕಷ್ಟ. ಕ್ಲೀನರ್ ಮರಿಗಳಿಗೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ಅಲಂಕಾರಿಕ ಸಿಗಡಿಗಳ ಮರಿ ಮಾಡಿಸಿ, ಅವನ್ನು ಬೆಳೆಸಲು ದ್ವೀಪದ ಮಹಿಳೆಯರಿಗೆ ತರಬೇತಿ ನೀಡಿರುವುದು ಸಂತೋಷದ ವಿಷಯ. ಸಾಕಿ ಬೆಳೆಸಿದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ, ನಿಮ್ಮ ಅಜಾಗ್ರತೆಯಿಂದ ಸತ್ತ ಒಂದರ ಜಾಗ ತುಂಬಲು ಇನ್ನೊಂದನ್ನು ಕಡಲಿನಿಂದಲೇ ತರಬೇಕೆಂಬುದನ್ನು ಮರೆಯದಿರಿ.

ಕೊಳ್ಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಪರೀಕ್ಷೆ ಬಂದಾಗ, ರಜೆಯಲ್ಲಿ ಊರಿಗೆ ಹೋದಾಗ ಈ ತೊಟ್ಟಿಯನ್ನು ನೋಡುವವರು ಯಾರು? ಉತ್ತರ 'ಅಮ್ಮ' ಎಂದಾದರೆ ಮೊದಲು ಅಮ್ಮನ ಒಪ್ಪಿಗೆ ಕೇಳಿ, ಆಮೇಲೆ ಅಂಗಡಿಗೆ ಹೋಗಿ!

ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಹವ್ಯಾಸದೊಂದಿಗೆ ಭೇಟಿಯಾಗೋಣ.